ತಮ್ಮನ ಐಡಿಯಲ್ಲಿ 4.80 ಲಕ್ಷ ಇದೆ, ಬಿಡಿಸಿಕೊಳ್ಳಲು 62,000 ಕಟ್ಟಬೇಕಾ?

ಪ್ರಶ್ನೆ:

ಡಾಕ್ಟ್ರೇ, ನಮ್ಮದು ಆಲೂರು ತಾಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ಕಾಫಿ, ಸ್ವಲ್ಪ ಮೆಣಸು. ನನ್ನ ತಮ್ಮನಿಗೆ 27 ವರ್ಷ. ಸಕಲೇಶಪುರದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಒಳ್ಳೆ ಹುಡುಗ, ಕುಡಿಯಲ್ಲ, ಸಿಗರೇಟು ಮುಟ್ಟಲ್ಲ. ಎರಡು ವರ್ಷದ ಹಿಂದೆ ಐಪಿಎಲ್ ಟೈಮಲ್ಲಿ ಸ್ನೇಹಿತನೊಬ್ಬ ವಾಟ್ಸಾಪ್‌ನಲ್ಲಿ ಬೆಟ್ಟಿಂಗ್ ಆಡುವ ಒಂದು ಐಡಿ ಕೊಡಿಸಿದ. 500 ಹಾಕಿದ್ದಕ್ಕೆ 8,000 ಬಂತು, ಅಕೌಂಟಿಗೇ ಬಂತು. ಆಮೇಲೆ ಮ್ಯಾಚ್ ಇಲ್ಲದ ದಿನ ರೂಲೆಟ್ ಶುರು ಮಾಡಿದ, ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತೆ ಅಂತ ದುಡ್ಡು ಕಟ್ಟುವ ಆಟ. ಕೆಲಸದವರ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆಗಳ ತುಂಬ ಕೆಂಪು, ಕಪ್ಪು ಅಂತ ಬರೆದುಕೊಂಡಿದ್ದಾನೆ. ಫಾರ್ಮುಲಾ ಸಿಕ್ಕಿದೆ ಅಂತಾನೆ.

ಈಗ ಸಾಲ ಸುಮಾರು 7 ಲಕ್ಷ. ನನ್ನ ಬಳೆ ಅಡವಿಟ್ಟಿದ್ದು, ಎತ್ತಿಕೊಂಡ ಚೀಟಿಯ ಕಂತು, ಮೂರು ಲೋನ್ ಆ್ಯಪ್, ಕೈಸಾಲ, ಐಡಿ ಕೊಟ್ಟವನಿಗೇ 90,000 ಬಾಕಿ. ಜನವರಿಯಲ್ಲಿ ಬಟವಾಡೆ ದುಡ್ಡಿನಿಂದ 45,000 ತೆಗೆದಿದ್ದ, ಅಪ್ಪ ಓಡಿಹೋಗಿ ಕಟ್ಟಿ ಬಂದರು. ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಆಣೆ ಮಾಡಿಸಿದೆವು. 19 ದಿನ ಸುಮ್ಮನಿದ್ದ. ಬೈದರೆ, 'ಅಪ್ಪ ಶುಂಠಿ ಹಾಕಿ ಎರಡು ಲಕ್ಷ ಕಳೆದಾಗ ಯಾರೂ ಜೂಜು ಅನ್ನಲಿಲ್ಲ' ಅಂತಾನೆ.

ಈಗ ಅವನ ಐಡಿಯಲ್ಲಿ 4,80,000 ಬ್ಯಾಲೆನ್ಸ್ ಇದೆ. ನಾನೇ ಕಣ್ಣಾರೆ ನೋಡಿದೆ. ತೆಗೆಯಲು ಹೋದರೆ ಟ್ಯಾಕ್ಸ್ 62,000 ಮೊದಲು ಕಟ್ಟಿ ಅಂತಾರೆ. ಕಟ್ಟಿದರೆ ಮುಕ್ಕಾಲು ಸಾಲ ತೀರುತ್ತಲ್ಲ ಅಂತ ಆಸೆ. ಅಪ್ಪ ಅರ್ಧ ಎಕರೆ ಮಾರಿ ಎಲ್ಲ ಒಂದೇ ಸಲ ತೀರಿಸೋಣ ಅಂತಿದ್ದಾರೆ. ಅಮ್ಮ ಮದುವೆ ಮಾಡಿದರೆ ಸರಿಹೋಗ್ತಾನೆ ಅಂತಾರೆ. ಅವನ ಒಂದು ಬ್ಯಾಂಕ್ ಅಕೌಂಟ್ ಫ್ರೀಜ್ ಆಗಿದೆ. ಪೊಲೀಸರ ಹತ್ತಿರ ಹೋದರೆ ಅವನನ್ನೇ ಹಿಡಿಯುತ್ತಾರಾ? ಇದು ಚಟವಾ, ಕಾಯಿಲೆಯಾ? ಮೊನ್ನೆ ರಾತ್ರಿ 'ನಾನೇ ಇಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ' ಅಂದ. ಆಮೇಲೆ ನಕ್ಕ.

ಒಬ್ಬ ಅಕ್ಕ, ಆಲೂರು ತಾಲೂಕು

ಉತ್ತರ:

ನಿಮ್ಮ ಪತ್ರ ಹೆಚ್ಚುಕಡಿಮೆ ಪೂರ್ತಿ ದುಡ್ಡಿನ ವಿಷಯ. ನನ್ನ ಕಣ್ಣು ನಿಂತಿದ್ದು ಮಾತ್ರ ಕೊನೆಯ ಸಾಲಿನಲ್ಲಿ. 'ಆಮೇಲೆ ನಕ್ಕ' ಅಂದಿರಲ್ಲ, ಅಲ್ಲಿಂದ ಶುರು ಮಾಡುತ್ತೇನೆ. 62,000ದ ಮಾತು ಅದಾದ ಮೇಲೆ.

ಜೂಜಿನ ಸಾಲಕ್ಕೆ ಸಿಕ್ಕಿದವರಿಗೆ ಸಾಯುವ ಯೋಚನೆ ಬರುವುದು ಅಪರೂಪವೇನಲ್ಲ. ಕುಡಿಯುವವನ ಚಟ ಊರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಜೂಜಾಡುವವನದು ವರ್ಷಗಟ್ಟಲೆ ಮುಚ್ಚಿಕೊಂಡಿದ್ದು ಒಂದೇ ದಿನ ಬಯಲಾಗುತ್ತದೆ. ಆ ದಿನಗಳಲ್ಲೇ ಅಪಾಯ ಜಾಸ್ತಿ. ಇವತ್ತೇ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: 'ಸಾಯಬೇಕು ಅನ್ನಿಸ್ತಿದೆಯಾ?' ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಅಂತ ತುಂಬ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೇಳಿದವರ ಎದುರು ಎಷ್ಟೋ ಮಂದಿ ಅತ್ತು ಹಗುರಾಗಿದ್ದನ್ನು ನಾನು ನೋಡಿದ್ದೇನೆ. ತೋಟದ ಮನೆ ಅಂದಮೇಲೆ ಕಳೆನಾಶಕ, ಕೀಟನಾಶಕ ಇದ್ದೇ ಇರುತ್ತದೆ. ಆ ಕೋಣೆಗೆ ಬೀಗ ಹಾಕಿ, ಕೀ ಅಪ್ಪನ ಹತ್ತಿರವೇ ಇರಲಿ. ಮನೆಯಲ್ಲಿ ಕೋವಿ ಇದ್ದರೆ ಅದೂ ಕೈಗೆ ಸಿಗದಂತಿರಲಿ. ರಾತ್ರಿ ಹೊತ್ತು ಗಾಬರಿಯಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, 24 ಗಂಟೆಯೂ ಇರುತ್ತದೆ. 'ಹೌದು' ಅಂದರೆ ಅಥವಾ ಉತ್ತರ ಕೊಡದೆ ತಲೆ ತಗ್ಗಿಸಿದರೆ ಒಬ್ಬನನ್ನೇ ಬಿಡಬೇಡಿ. ಬೆಳಗಾಗುವುದನ್ನೂ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ 62,000. ಕಟ್ಟಬೇಡಿ. ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಇದರಲ್ಲಿ ಅರ್ಧ ನಿಜ ಬೆರೆಸಿದ್ದಾರೆ, ಅದಕ್ಕೇ ನಂಬಿಕೆ ಬರುತ್ತದೆ. ಆನ್‌ಲೈನ್ ಆಟದ ಗೆಲುವಿಗೆ ತೆರಿಗೆ ಇರುವುದು ಹೌದು. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ 30% ಹಿಡಿಯಬೇಕು ಅನ್ನುವ ನಿಯಮ ಬಂತು. ಆದರೆ ಹಿಡಿಯಬೇಕಾದದ್ದು ದುಡ್ಡು ಕೊಡುವವನು, ಕೊಡುವ ದುಡ್ಡಿನಲ್ಲೇ. 4.80 ಲಕ್ಷವೂ ಗೆಲುವೇ ಆಗಿದ್ದರೆ 1.44 ಲಕ್ಷ ಮುರಿದುಕೊಂಡು 3.36 ಲಕ್ಷ ನಿಮ್ಮ ತಮ್ಮನ ಅಕೌಂಟಿಗೆ ಬರಬೇಕಿತ್ತು. ನೀವು ಕಾಫಿ ಮಾರುವವರು, ನಿಮಗೆ ಇದು ಹೊಸದಲ್ಲ. ವ್ಯಾಪಾರಿ ತೂಕ ನೋಡಿ, ಹಮಾಲಿ ಮುರಿದುಕೊಂಡು, ಉಳಿದಿದ್ದನ್ನು ಕೊಡುತ್ತಾನೆ. 'ಮೊದಲು ಹಮಾಲಿ ದುಡ್ಡು ಫೋನ್‌ಪೇ ಮಾಡಿ, ಆಮೇಲೆ ಕಾಫಿ ದುಡ್ಡು ಕೊಡ್ತೀನಿ' ಅಂತ ಯಾವ ವ್ಯಾಪಾರಿಯಾದರೂ ಹೇಳಿದ್ದುಂಟಾ?

ಇನ್ನೊಂದು ಮಾತು. ಆ 62,000ವನ್ನು ಯಾರ ಹೆಸರಿಗೆ ಹಾಕಲು ಹೇಳಿದ್ದಾರೆ, ತಮ್ಮನ ವಾಟ್ಸಾಪ್ ತೆಗೆದು ನೋಡಿ. ಆದಾಯ ತೆರಿಗೆ ಇಲಾಖೆಯ ಹೆಸರಿರುವುದಿಲ್ಲ. ಯಾವುದೋ ಊರಿನ ಯಾರದೋ ಯುಪಿಐ ಇರುತ್ತದೆ. ನನ್ನ ಹತ್ತಿರ ಬಂದವರಲ್ಲಿ ಹೀಗೆ ಕಟ್ಟಿದವರಿದ್ದಾರೆ. ಟ್ಯಾಕ್ಸ್ ಕಟ್ಟಿದ ಮೇಲೆ ಸೆಕ್ಯುರಿಟಿ ಡೆಪಾಸಿಟ್ ಕೇಳಿದರು. ಅದಾದ ಮೇಲೆ ಅಕೌಂಟ್ ವೆರಿಫಿಕೇಶನ್, ಆಮೇಲೆ 'ತಡ ಮಾಡಿದ್ದಕ್ಕೆ ದಂಡ'. ಕಟ್ಟಿ ದುಡ್ಡು ಪಡೆದವರನ್ನು ನಾನು ಇನ್ನೂ ನೋಡಿಲ್ಲ. ಇದೆಲ್ಲ ಮುಗಿದ ಮೇಲೆ ಮತ್ತೊಬ್ಬ ಫೋನ್ ಮಾಡುತ್ತಾನೆ. ಕಳೆದುಕೊಂಡ ದುಡ್ಡು ವಾಪಸ್ ಕೊಡಿಸ್ತೀವಿ, ಫೀಸು ಇಷ್ಟು ಅಂತ. ಬಹಳ ಸಲ ಅವನಿಗೆ ನಂಬರ್ ಕೊಟ್ಟವರೂ ಇವರೇ.

'ಕಣ್ಣಾರೆ ನೋಡಿದೆ' ಅಂದಿರಿ. ನೀವು ನೋಡಿದ್ದು ಒಂದು ಸಂಖ್ಯೆಯನ್ನು. ಬ್ಯಾಂಕಿನ ಬ್ಯಾಲೆನ್ಸ್ ಹಿಂದೆ ಬ್ಯಾಂಕ್ ಇರುತ್ತದೆ, ರಿಸರ್ವ್ ಬ್ಯಾಂಕ್ ಇರುತ್ತದೆ. ಈ ಐಡಿಯ ಹಿಂದೆ ಇರುವುದು ಯಾವನದೋ ಕಂಪ್ಯೂಟರ್. ಆ ಕಡೆ ಕೂತವನು ಸೊನ್ನೆ ಒತ್ತಿದರೆ 48 ಲಕ್ಷವನ್ನೂ ತೋರಿಸಬಹುದು. ಆಡುವವರೇ ಅದನ್ನು 'ಪಾಯಿಂಟ್' ಅನ್ನುತ್ತಾರೆ, ಗಮನಿಸಿ. ಸರಿಯಾದ ಹೆಸರು ಅದೇ.

ಹಾಗಾದರೆ ಮೊದಲ ಸಲ 8,000 ಹೇಗೆ ಬಂತು? ನಿಜವಾಗಿಯೇ ಬಂತು. ಗಾಳಕ್ಕೆ ಎರೆಹುಳು ಸಿಕ್ಕಿಸದೆ ಮೀನು ಬರುತ್ತದಾ? ಸುಮ್ಮನೆ ಅದೃಷ್ಟ ಕೂಡಿ ಬಂದಿದ್ದೂ ಇರಬಹುದು, ಅದು ಮುಖ್ಯವಲ್ಲ. ನನ್ನ ಎದುರು ಕೂತ ಬಹುತೇಕ ಹುಡುಗರ ಕಥೆ ಸೋಲಿನಿಂದ ಶುರುವಾಗುವುದಿಲ್ಲ, ಒಂದು ಗೆಲುವಿನಿಂದ ಶುರುವಾಗುತ್ತದೆ. ಮೊದಲ ದಿನವೇ 500 ಹೋಗಿದ್ದರೆ ನಿಮ್ಮ ತಮ್ಮ ಬೈದುಕೊಂಡು ಬಿಟ್ಟುಬಿಡುತ್ತಿದ್ದನೋ ಏನೋ. ಆ 8,000 ಈಗ 7 ಲಕ್ಷ ಆಗಿದೆ.

ಫಾರ್ಮುಲಾ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದ ಹೇಳಬೇಕು. 'ಎಲ್ಲ ಮೋಸ ಕಣೋ' ಅಂದರೆ ಅವನು ಒಪ್ಪುವುದಿಲ್ಲ. ಲೆಕ್ಕ ತೋರಿಸಿದರೆ ಕೇಳುತ್ತಾನೆ, ರೈಟರ್ ಅಲ್ವಾ.

ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆ. 1ರಿಂದ 36, ಜೊತೆಗೆ ಒಂದು ಸೊನ್ನೆ. 18 ಕೆಂಪು, 18 ಕಪ್ಪು, ಸೊನ್ನೆ ಹಸಿರು. ಒಂದು ನಂಬರಿಗೆ 100 ಹಾಕಿ ಬಂದರೆ 3,500 ಲಾಭ, ಹಾಕಿದ 100 ವಾಪಸ್. ಒಟ್ಟು 3,600 ಕೈಗೆ. ಈಗ 37 ಮನೆಗೂ ನೂರು ನೂರು ಹಾಕಿ. ಗೆಲುವು ಗ್ಯಾರಂಟಿ. ಹಾಕಿದ್ದು 3,700, ಬಂದಿದ್ದು 3,600. ನೂರು ರೂಪಾಯಿ ಆಟ ನಡೆಸುವವನ ಪಾಲು. ಅಂದರೆ ಹಾಕಿದ ಪ್ರತಿ ನೂರಕ್ಕೆ ಸರಾಸರಿ 2 ರೂಪಾಯಿ 70 ಪೈಸೆ. ಅಮೆರಿಕದ ಚಕ್ರದಲ್ಲಿ ಎರಡು ಸೊನ್ನೆ, 38 ಮನೆ. ಅಲ್ಲಿ 5 ರೂಪಾಯಿ 26 ಪೈಸೆ. ಚಕ್ರ ಪ್ರಾಮಾಣಿಕವಾಗಿದ್ದರೂ ಇಷ್ಟು ಹೋಗುತ್ತದೆ. ವಾಟ್ಸಾಪ್ ಐಡಿಯಲ್ಲಿ ತಿರುಗುವ ಚಕ್ರ ಪ್ರಾಮಾಣಿಕವೇ ಅಂತ ನೋಡುವವರು ಯಾರೂ ಇಲ್ಲ.

2.70 ಕೇಳಿದರೆ ಸಣ್ಣದು ಅನ್ನಿಸುತ್ತದೆ. ಆದರೆ ಫೋನಿನಲ್ಲಿ ಅರ್ಧ ನಿಮಿಷಕ್ಕೊಂದು ಸುತ್ತು. ಎರಡು ಗಂಟೆಗೆ 240 ಸುತ್ತು. ಒಂದೊಂದಕ್ಕೂ 100 ಅಂದರೂ 24,000 ರೂಪಾಯಿ ಆ ಚಕ್ರದ ಮೇಲೆ ಓಡಾಡುತ್ತದೆ. ಸರಾಸರಿ 648 ರೂಪಾಯಿ ಅಲ್ಲೇ ಉಳಿಯುತ್ತದೆ. ತೋಟದ ಕೆಲಸದವರು ಒಂದು ದಿನ ಬೆನ್ನು ಬಗ್ಗಿಸಿ ಕೊಯ್ದರೆ ಎಷ್ಟು ಸಿಗುತ್ತದೆ, ನಿಮ್ಮ ತಮ್ಮನಿಗೇ ಚೆನ್ನಾಗಿ ಗೊತ್ತು. ಬಟವಾಡೆ ಬರೆಯುವವನು ಅವನೇ ತಾನೆ.

ಚೆಕ್‌ರೋಲ್ ಹಿಂದೆ ಕೆಂಪು, ಕಪ್ಪು ಬರೆದುಕೊಂಡಿದ್ದಾನೆ ಅಂದರೆ ಅವನ ಫಾರ್ಮುಲಾ ನನಗೆ ಊಹೆಯಾಗುತ್ತದೆ. ಹೆಚ್ಚಿನವರದು ಒಂದೇ. ಐದು ಸಲ ಕಪ್ಪು ಬಂದರೆ ಇನ್ನು ಕೆಂಪು ಬರಲೇಬೇಕು. ಬರದಿದ್ದರೆ ಡಬಲ್ ಮಾಡು. ಚೆಂಡಿಗೆ ನೆನಪಿಲ್ಲ. ಹಿಂದಿನ ಐದು ಸುತ್ತಿನಲ್ಲಿ ಏನಾಯಿತು ಅಂತ ಅದು ಪುಸ್ತಕ ಬರೆದುಕೊಂಡು ಕೂತಿಲ್ಲ. 1913ರ ಆಗಸ್ಟ್ 18ರಂದು ಮೊನಾಕೊದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಸತತ 26 ಸಲ ಕಪ್ಪು ಬಂತು. 'ಈಗ ಕೆಂಪು, ಈಗ ಕೆಂಪು' ಅಂತ ಹಾಕಿದವರೆಲ್ಲ ಅವತ್ತು ಮುಳುಗಿದರು.

ಡಬಲ್ ಮಾಡುವ ಲೆಕ್ಕ ಇನ್ನೂ ಚೆಂದ. 100, 200, 400, 800, 1,600, 3,200, 6,400. ಯಾವಾಗ ಗೆದ್ದರೂ ಲಾಭ ಬರೀ 100. ಏಳೂ ಸೋತರೆ ಹೋಗುವುದು 12,700. ಏಳೂ ಸೋಲುವುದು ಅಪರೂಪ, ಸುಮಾರು 106ಕ್ಕೆ ಒಂದು ಸಲ. ಹಾಗಾಗಿ 'ನೂರಕ್ಕೆ 99 ಸಲ ಗೆಲ್ತೀನಿ' ಅಂತ ಅವನು ಹೇಳಿದರೆ ಅದು ಸುಳ್ಳಲ್ಲ. 105 ಸಲ ಗೆದ್ದು 10,500 ಮಾಡಿಕೊಳ್ಳುತ್ತಾನೆ. ಒಂದು ಸಲ ಸೋತು 12,700 ಕೊಡುತ್ತಾನೆ. ಮೂರು ವಾರ ಫಾರ್ಮುಲಾ ಬಂಗಾರದ ಹಾಗೆ ಕೆಲಸ ಮಾಡುತ್ತದೆ, ಒಂದು ರಾತ್ರಿ ಎಲ್ಲ ಹೋಗುತ್ತದೆ. ಆ ರಾತ್ರಿಯ ಮಾರನೇ ದಿನವೇ ಬಟವಾಡೆ ಇರುತ್ತದೆ.

ಇದಕ್ಕಿಂತ ಹಟ ಹಿಡಿಸುವುದು 'ಸ್ವಲ್ಪದರಲ್ಲಿ ತಪ್ಪಿತು' ಅನ್ನುವ ಭಾವನೆ. ಒಬ್ಬ ಹುಡುಗ ನನ್ನ ಪ್ರಿಸ್ಕ್ರಿಪ್ಷನ್ ಚೀಟಿಯ ಹಿಂದೆ ಚಕ್ರ ಬರೆದು ತೋರಿಸಿದ. ಅದರಲ್ಲಿ ನಂಬರುಗಳು ಸಾಲಾಗಿ ಇರುವುದಿಲ್ಲ. 17ರ ಒಂದು ಪಕ್ಕ 25, ಇನ್ನೊಂದು ಪಕ್ಕ 34. 'ನಾನು 17ಕ್ಕೆ ಹಾಕಿದ್ದೆ ಸಾರ್, 34 ಬಂತು. ಒಂದೇ ಮನೆ!' ಅಂದ. ಹೇಳುವಾಗ ಅವನ ಬೆರಳು ನಡುಗುತ್ತಿತ್ತು. ಅದಾಗಿ ಏಳು ತಿಂಗಳಾಗಿತ್ತು. ಪಕ್ಕದ ಮನೆಗೆ ಬಿದ್ದರೂ ಆಚೆ ತುದಿಗೆ ಬಿದ್ದರೂ ಸೋಲು ಒಂದೇ. ಆದರೆ ಮಿದುಳು ಅದನ್ನು ಸೋಲು ಅಂತ ಬರೆದುಕೊಳ್ಳುವುದಿಲ್ಲ, ಗೆಲುವಿನ ಹತ್ತಿರ ಅಂತ ಬರೆದುಕೊಳ್ಳುತ್ತದೆ.

ಕ್ರಿಕೆಟ್ ವಿಷಯದಲ್ಲಿ ಇನ್ನೊಂದು ನಂಬಿಕೆ. 'ನನಗೆ ಆಟ ಗೊತ್ತು.' ಗೊತ್ತಿರಬಹುದು. ಎರಡು ಟೀಮೂ ಸಮ ಅಂತ ಇಟ್ಟುಕೊಳ್ಳಿ, ಎರಡಕ್ಕೂ ರೇಟ್ 1.90. ನೀವು ಒಂದು ಕಡೆ ಸಾವಿರ, ನಾನು ಇನ್ನೊಂದು ಕಡೆ ಸಾವಿರ. ಗೆದ್ದವರಿಗೆ 1,900. ಉಳಿದ ನೂರು ಬುಕ್ಕಿಗೆ, ಯಾರು ಗೆದ್ದರೂ. ಬಂಡವಾಳ ಉಳಿಸಿಕೊಳ್ಳಬೇಕಾದರೇ ನೂರರಲ್ಲಿ 53 ಸಲ ಸರಿಯಾಗಿ ಹೇಳಬೇಕು. ಸೆಷನ್‌ಗೆ ಆಡುವುದು, ಅಂದರೆ ಆರು ಓವರಿಗೆ ಎಷ್ಟು ರನ್, ಮುಂದಿನ ವಿಕೆಟ್ ಯಾವಾಗ ಅಂತ ಕಟ್ಟುವುದು ಇನ್ನೂ ಕೆಟ್ಟದ್ದು. ಮ್ಯಾಚಿಗೊಂದು ಇದ್ದ ಬೆಟ್ಟಿಂಗ್ ಅಲ್ಲಿ ಐದು ನಿಮಿಷಕ್ಕೊಂದಾಗುತ್ತದೆ.

ಇನ್ನು ಶುಂಠಿ. ಈ ಮಾತಿಗೆ ಮನೆಯವರು ಬಾಯಿ ಮುಚ್ಚಿಕೊಂಡಿರುತ್ತೀರಿ, ನನಗೆ ಗೊತ್ತು. ನಮ್ಮ ಕಡೆ ರೈತರೇ ಶುಂಠಿಯನ್ನು ಜೂಜು ಅನ್ನುತ್ತಾರೆ. 60 ಕೆಜಿ ಮೂಟೆಗೆ ಈ ವರ್ಷ ಇದ್ದ ರೇಟು ಮುಂದಿನ ವರ್ಷ ಇರುವುದಿಲ್ಲ. ಕೊಳೆರೋಗ ಬಂದರೆ ಅದೂ ಇಲ್ಲ. ಹಾಗಾಗಿ 'ಅದು ಬೇರೆ, ಇದು ಬೇರೆ' ಅಂತ ಅವನ ಬಾಯಿ ಮುಚ್ಚಿಸಬೇಡಿ. ಅವನು ಹೇಳುವುದರಲ್ಲಿ ಸ್ವಲ್ಪ ನಿಜ ಇದೆ ಅಂತ ಒಪ್ಪಿಕೊಂಡು ಕೇಳಿ: ಅಪ್ಪ ಶುಂಠಿಯಲ್ಲಿ ಎರಡು ಲಕ್ಷ ಕಳೆದ ಮೇಲೆ, ಅದೇ ರಾತ್ರಿ ಎರಡು ಗಂಟೆಗೆ ಎದ್ದು ಇನ್ನೊಂದು ಎಕರೆ ಶುಂಠಿ ಹಾಕಿದರಾ? ಹಾಕಲು ಆಗುವುದಿಲ್ಲ. ಮಳೆ ಬರಬೇಕು, ಬಿತ್ತನೆ ಗೆಡ್ಡೆ ಸಿಗಬೇಕು, ಹತ್ತು ತಿಂಗಳು ಕಾಯಬೇಕು. ಅಷ್ಟರಲ್ಲಿ ತಲೆ ತಣ್ಣಗಾಗಿರುತ್ತದೆ. ಫೋನು ತಣ್ಣಗಾಗಲು ಬಿಡುವುದಿಲ್ಲ. ಹಾಗೇ, ಶುಂಠಿ ಕೊಂಡವನು ಅದನ್ನು ಅಡುಗೆಗೆ ಹಾಕುತ್ತಾನೆ. ರೂಲೆಟ್‌ನಲ್ಲಿ ಬೆಳೆ ಅಂತ ಏನೂ ಇಲ್ಲ. ಒಬ್ಬರ ದುಡ್ಡು ಇನ್ನೊಬ್ಬರಿಗೆ, ಮಧ್ಯೆ ಆಟ ನಡೆಸುವವನ ಪಾಲು, ಅಷ್ಟೆ.

ಇದು ಚಟವಾ, ಕಾಯಿಲೆಯಾ ಅಂದಿರಿ. ಎರಡೂ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಜೂಜಿನ ಕಾಯಿಲೆ ಇದೆ. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಲ್ಲಿ ಅದನ್ನು ಮದ್ಯ, ಡ್ರಗ್ಸ್ ಇರುವ ಅಧ್ಯಾಯಕ್ಕೇ ಸೇರಿಸಿದರು. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನ ಮಿದುಳನ್ನು ಜಾಸ್ತಿ ಕೆರಳಿಸುತ್ತದೆ. ಹತ್ತು ಸಲಕ್ಕೆ ಒಂದು ಸಲ ಖಂಡಿತ ಅಂತ ಗೊತ್ತಿದ್ದರೆ ಬೇಜಾರಾಗಿ ಬಿಟ್ಟುಬಿಡುತ್ತೇವೆ. ಇದರಲ್ಲಿ ಡೋಪಮೈನ್ ಅನ್ನುವ ರಾಸಾಯನಿಕದ ಕೈವಾಡ ಇದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ, ಡೋಪಮೈನ್ ಹಾಗೆ ಕೆಲಸ ಮಾಡುವ ಕೆಲವು ಮಾತ್ರೆ ತೆಗೆದುಕೊಂಡು, ಜೀವನದಲ್ಲಿ ಇಸ್ಪೀಟು ಮುಟ್ಟದ ಹಿರಿಯರು ಇದ್ದಕ್ಕಿದ್ದಂತೆ ಜೂಜಿಗೆ ಬಿದ್ದ ಉದಾಹರಣೆಗಳಿವೆ. ಮಾತ್ರೆ ಬದಲಿಸಿದರೆ ಹೆಚ್ಚಿನವರು ಬಿಡುತ್ತಾರೆ. ಸೋಮಾರಿತನ, ಸಂಸ್ಕಾರ ಅಂತ ಬೈಯುವ ಮೊದಲು ನನಗೆ ಇದು ನೆನಪಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಲಕ್ಷಣ ಒಂದೇ. ಹೋದದ್ದನ್ನು ವಾಪಸ್ ತರಲು ಆಡುವುದು. ಈಗ ನಿಮ್ಮ ತಮ್ಮ ಶ್ರೀಮಂತನಾಗಲು ಆಡುತ್ತಿಲ್ಲ. ಎರಡು ವರ್ಷದ ಹಿಂದೆ ಇದ್ದ ಜಾಗಕ್ಕೆ ಹೋಗಿ ನಿಲ್ಲಲು ಆಡುತ್ತಿದ್ದಾನೆ. ಬಳೆ ಬಿಡಿಸಿ ನಿಮ್ಮ ಕೈಗೆ ಹಾಕಿ 'ನೋಡಕ್ಕ' ಅನ್ನಬೇಕು, ಆಮೇಲೆ ನಿಲ್ಲಿಸಬೇಕು ಅಂತ ಅವನ ಮನಸ್ಸಿನಲ್ಲಿದೆ. ಆ ಆಸೆ ಒಳ್ಳೆಯದೇ, ಅದನ್ನೇ ಆ ಚಕ್ರ ತಿನ್ನುತ್ತಿದೆ. ಹಾಗಾಗಿ ಮನೆಯಲ್ಲಿ ಎಲ್ಲರೂ ಕೂತು ಮೊದಲು ಒಪ್ಪಿಕೊಳ್ಳಬೇಕಾದ ಮಾತು, ಹೋದದ್ದು ಹೋಯಿತು. 4.80 ಲಕ್ಷವೂ ಅದರಲ್ಲೇ ಸೇರಿತು. 62,000 ಕಟ್ಟಿ ತೆಗೆಯೋಣ ಅಂತ ನಿಮಗೆ ಬಂದ ಆಸೆ ಇದೆಯಲ್ಲ, ಅವನಿಗೆ ದಿನಾ ರಾತ್ರಿ ಬರುವುದೂ ಅದೇ ಆಸೆ. ಬೇಜಾರು ಮಾಡಿಕೊಳ್ಳಬೇಡಿ. ಅವನ ಕಷ್ಟ ಎಂಥದ್ದು ಅಂತ ಇದರಿಂದ ನಿಮಗೆ ಗೊತ್ತಾಗುತ್ತದೆ ಅಂತ ಹೇಳಿದೆ.

ಆಣೆ ಮಾಡಿಸಿದ್ದು ತಪ್ಪಲ್ಲ. 19 ದಿನ ನಿಂತಿದ್ದು ಸಣ್ಣ ವಿಷಯವೂ ಅಲ್ಲ. ಆಣೆಯ ತೊಂದರೆ ಮುರಿದ ಮೇಲೆ ಶುರುವಾಗುತ್ತದೆ. ದೇವರ ಮುಂದೆ ಹೇಳಿದ್ದು ಮುರಿದೆ ಅನ್ನುವ ಭಯದಲ್ಲಿ ಇನ್ನೂ ಆಳಕ್ಕೆ ಮುಚ್ಚಿಡುತ್ತಾರೆ. ಇಪ್ಪತ್ತನೇ ದಿನ ಏನಾಯಿತು ಅಂತ ಅವನನ್ನು ಕೇಳಿ. ಸಂಬಳ ಬಂದಿತ್ತಾ? ರಜೆ ಇತ್ತಾ? ಲೋನ್ ಆ್ಯಪ್‌ನವರು ಫೋನ್ ಮಾಡಿದ್ದರಾ? ಚಿಕಿತ್ಸೆ ಶುರುವಾಗುವುದು ಆ ಉತ್ತರದಿಂದ.

ಮದುವೆ ಬೇಡ. ಇದನ್ನು ಅಮ್ಮನಿಗೆ ನನ್ನ ಹೆಸರಲ್ಲೇ ಹೇಳಿ. ಬರುವ ಹುಡುಗಿ ಔಷಧಿಯಲ್ಲ. ಅವಳ ಒಡವೆಯೂ ಅದೇ ಅಡವಿನ ಅಂಗಡಿಗೆ ಹೋಗುತ್ತದೆ, ಆಮೇಲೆ ನೀವು ಎರಡು ಮನೆಗೆ ಉತ್ತರ ಕೊಡಬೇಕು. ಗೊತ್ತಾಗದಂತೆ ಕಾಫಿಯಲ್ಲಿ ಹಾಕಿ ಕೊಡುವ ಪುಡಿ ಅಂತ ಯಾರಾದರೂ ಹೇಳಿದರೆ ಅದರ ತಂಟೆಗೂ ಹೋಗಬೇಡಿ. ಏನು ಬೆರೆಸಿರುತ್ತಾರೋ ಯಾರಿಗೂ ಗೊತ್ತಿಲ್ಲ.

ಪೊಲೀಸರ ಭಯ. ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಹಾಕಿ ಆಡುವ ಆನ್‌ಲೈನ್ ಆಟ, ಕೌಶಲವಿರಲಿ ಅದೃಷ್ಟವಿರಲಿ, ಅದರ ಪ್ರಕಾರ ನಿಷೇಧ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷದವರೆಗೆ. ಬರೀ ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ. ಹಾಗಾಗಿ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಲು ಹಿಂಜರಿಯಬೇಡಿ. ಹಳೆಯ ದುಡ್ಡು ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಕಳಿಸಿದ ಕೆಲವೇ ಗಂಟೆಯಲ್ಲಿ ದೂರು ಕೊಟ್ಟರೆ ಮಾತ್ರ ತಡೆಹಿಡಿಯುವ ಅವಕಾಶ ಚೆನ್ನಾಗಿರುತ್ತದೆ. ಆದರೆ ದೂರು ದಾಖಲಾಗಿದ್ದರೆ ಫ್ರೀಜ್ ಆದ ಅಕೌಂಟಿನ ವಿಷಯದಲ್ಲಿ ಉಪಯೋಗಕ್ಕೆ ಬರುತ್ತದೆ.

ಆ ಫ್ರೀಜ್ ಯಾಕಾಗುತ್ತದೆ ಅಂದರೆ, ಈ ಐಡಿಯವರು ಗೆದ್ದ ದುಡ್ಡನ್ನು ತಮ್ಮ ಅಕೌಂಟಿನಿಂದ ಹಾಕುವುದಿಲ್ಲ. ಇನ್ಯಾರನ್ನೋ ಮೋಸ ಮಾಡಿ ತಂದ ದುಡ್ಡು ಬಾಡಿಗೆ ಅಕೌಂಟುಗಳಲ್ಲಿ ಸುತ್ತಿ ನಿಮ್ಮ ತಮ್ಮನಿಗೆ ಬರುತ್ತದೆ. ಮೋಸ ಹೋದವರು ಬೇರೆ ರಾಜ್ಯದಲ್ಲಿ ದೂರು ಕೊಟ್ಟರೆ ಇಲ್ಲಿ ಅಕೌಂಟ್ ನಿಲ್ಲುತ್ತದೆ. ಬ್ಯಾಂಕಿಗೆ ಹೋಗಿ ಯಾವ ಠಾಣೆ, ದೂರಿನ ನಂಬರ್ ಯಾವುದು, ಎಷ್ಟು ಮೊತ್ತ ಅಂತ ಬರೆಸಿಕೊಳ್ಳಿ. ಅಲ್ಲಿಗೆ ಸ್ಟೇಟ್‌ಮೆಂಟ್ ಜೊತೆ ನಿಜ ಬರೆದು ಕಳಿಸಬೇಕು. ಆದರೆ ಮೊದಲು ತಮ್ಮನನ್ನು ಒಂದು ಪ್ರಶ್ನೆ ಕೇಳಿ: ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಯಾರಿಗಾದರೂ ಕೊಟ್ಟಿದ್ದಾನಾ? ಕಮಿಷನ್‌ಗೆ ಬೇರೆಯವರಿಗೆ ಐಡಿ ಕೊಡಿಸಿದ್ದಾನಾ? ಹೌದಾದರೆ ವಿಷಯ ಬೇರೆ. ಪತ್ರ ಬರೆಯುವ ಮೊದಲೇ ವಕೀಲರನ್ನು ನೋಡಿ.

ಸಾಲ. ಅಪ್ಪ ಹೇಳಿದ ಹಾಗೆ ಅರ್ಧ ಎಕರೆ ಮಾರಿ ಒಂದೇ ಸಲ ತೀರಿಸಿದರೆ ಮನೆಗೆ ಒಂದು ತಿಂಗಳು ನೆಮ್ಮದಿ. ಆದರೆ ಸಾಲ ತೀರಿದ ದಿನ ಅವನಿಗೆ ಮತ್ತೆ ಸಾಲ ಹುಟ್ಟುತ್ತದೆ. ಹೀಗೆ ಎರಡು ಸಲ, ಮೂರು ಸಲ ಜಮೀನು ಮಾರಿದ ಮನೆಗಳು ನನಗೆ ಗೊತ್ತು. ಕೈ ತೊಳೆದುಕೊಂಡು 'ನೀನು ಮಾಡಿದ್ದು ನೀನೇ ನೋಡ್ಕೋ' ಅಂದರೂ ಕಷ್ಟ, ಮೊನ್ನೆ ರಾತ್ರಿ ಅಂದ ಮಾತು ಮರೆಯುವಂತಿಲ್ಲ. ನನ್ನ ಸಲಹೆ ನಡುವಿನದು. ಎಲ್ಲ ಸಾಲದ ಪಟ್ಟಿ ಅವನ ಕೈಯಲ್ಲೇ ಬರೆಸಿ. ಯಾರ ಸಾಲ ಎಷ್ಟಿದೆ ಅಂತ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕು, ಅದನ್ನು ತೆಗೆಸಿ. ಅವನು ಹೇಳದ ಬ್ಯಾಂಕ್, ಫೈನಾನ್ಸ್ ಸಾಲ ಅದರಲ್ಲಿ ಸಿಗುತ್ತದೆ. ಕೈಸಾಲ ಸಿಗುವುದಿಲ್ಲ. ಹರಾಜಿಗೆ ಬರುವ ಒಡವೆ ಮೊದಲು. ಚೀಟಿ ಕಂತು ತಪ್ಪಿಸಬೇಡಿ, ಅದರಲ್ಲಿ ಊರಿನ ಹತ್ತಾರು ಜನರ ದುಡ್ಡಿದೆ. ಉಳಿದಿದ್ದು ಅವನ ಸಂಬಳದಿಂದ ಕಂತಿನಲ್ಲಿ, ಅವನೇ ಕಟ್ಟಲಿ, ಎರಡು ಮೂರು ವರ್ಷ ಆಗಲಿ. ನೀವು ಜಾಮೀನು ಸಹಿ ಹಾಕದಿದ್ದರೆ ಅವನ ಸಾಲಕ್ಕೆ ನೀವು ಹೊಣೆಯಲ್ಲ. ಹೊಸದಾಗಿ ಎಲ್ಲೂ ಸಹಿ ಹಾಕಬೇಡಿ.

ಐಡಿ ಕೊಟ್ಟವನ 90,000 ಪಟ್ಟಿಯ ಕೊನೆಗೂ ಬೇಡ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದ ಅಸಿಂಧು, ಅದನ್ನು ಕೋರ್ಟಿನಲ್ಲಿ ವಸೂಲಿ ಮಾಡಲು ಆಗುವುದಿಲ್ಲ. ಬೇರೆಯವರಿಂದ ತಂದ ಸಾಲ ಮಾತ್ರ ಸಾಲವೇ, ಅದಕ್ಕೆ ಈ ಮಾತು ನಡೆಯುವುದಿಲ್ಲ. ಐಡಿ ಕೊಟ್ಟವನು ಮನೆ ಬಾಗಿಲಿಗೆ ಬಂದು ಗಲಾಟೆ ಮಾಡಿದರೆ 112ಕ್ಕೆ ಫೋನ್ ಮಾಡಿ. ಲೋನ್ ಆ್ಯಪ್‌ನವರು ಫೋಟೋ ತಿದ್ದಿ ಹೆದರಿಸಿದರೆ 1930. ಕಿರುಕುಳ ಕೊಟ್ಟು ಸಾಲ ವಸೂಲಿ ಮಾಡುವುದರ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ.

ಎಸ್ಟೇಟ್ ಕೆಲಸ ಬಿಡಿಸಬೇಡಿ, ದುಡ್ಡು ಕೈಗೆ ಬರುವ ಕೆಲಸ ಮಾತ್ರ ಬಿಡಿಸಿ. ಯಜಮಾನರಿಗೆ ಹೇಳಿ ಬಟವಾಡೆ ಬೇರೆಯವರ ಕೈಯಿಂದ ಆಗಲಿ. ಹೇಳುವುದು ನಾಚಿಕೆ, ಕೆಲಸ ಹೋಗುವ ಅಪಾಯವೂ ಇದೆ. ಆದರೆ ಇನ್ನೊಂದು ಸಲ ಕೈ ಹಾಕಿದರೆ ಅದು ನಂಬಿಕೆದ್ರೋಹದ ಕೇಸು, ಅಪ್ಪ ಓಡಿಹೋಗಿ ಕಟ್ಟಿದರೂ ಮುಗಿಯುವುದಿಲ್ಲ. ಸಂಬಳದ ಅಕೌಂಟಿನಲ್ಲಿ ಯುಪಿಐ ಮಿತಿಯನ್ನು ದಿನಕ್ಕೆ 500ಕ್ಕೆ ಇಳಿಸಿ. ಮೂರು ತಿಂಗಳು ಕೀಪ್ಯಾಡ್ ಫೋನ್ ಸಾಕು. ಇದೆಲ್ಲ ಅವನು ಒಪ್ಪಿ ಆಗಬೇಕು. ಫೋನ್ ಕಿತ್ತುಕೊಂಡರೆ ಸಂಜೆಯೊಳಗೆ ಸ್ನೇಹಿತನ ಫೋನ್ ಕೈಯಲ್ಲಿರುತ್ತದೆ.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಮಾತು. ವಾರಕ್ಕೊಮ್ಮೆ ಕೂತು, ಯಾವ ಹೊತ್ತಿಗೆ ಆಸೆ ಹುಟ್ಟುತ್ತದೆ, ಆಗ ತಲೆಯಲ್ಲಿ ಏನು ಓಡುತ್ತದೆ, ಆ ಅರ್ಧ ಗಂಟೆ ಹೇಗೆ ದಾಟುವುದು ಅಂತ ಕಲಿಸುತ್ತೇವೆ. ಖಿನ್ನತೆ ಇದ್ದರೆ ಅದಕ್ಕೆ ಮಾತ್ರೆ. ಜೂಜಿನ ಆಸೆ ತಗ್ಗಿಸಲು ಕೆಲವರಿಗೆ ನಾಲ್‌ಟ್ರೆಕ್ಸೋನ್ ಅನ್ನುವ ಮಾತ್ರೆ ಕೊಡುತ್ತೇವೆ, ಎಲ್ಲರಿಗೂ ಅಲ್ಲ. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ. ಬಹಳಷ್ಟು ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ, ಆಲೂರಿನಲ್ಲಿ ವಿಚಾರಿಸಿ. ಬೆಂಗಳೂರಿಗೆ ಹೋಗಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್ ಚಟಕ್ಕೇ 2014ರಿಂದ ಶಟ್ ಕ್ಲಿನಿಕ್ ಇದೆ. ಮಧ್ಯದಲ್ಲಿ ಒಂದೆರಡು ಸಲ ಜಾರುತ್ತಾನೆ, ಹೆಚ್ಚಿನವರು ಜಾರುತ್ತಾರೆ. ಅವತ್ತು ಬೈಯುವುದಕ್ಕಿಂತ ಎಷ್ಟು ಹೋಯಿತು ಅಂತ ಕೇಳಿ ಬರೆದುಕೊಳ್ಳಿ.

ಇವತ್ತು ರಾತ್ರಿ ಆ ಟ್ಯಾಕ್ಸ್ ಕೇಳುವವನ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಉತ್ತರ ಕೊಡದೆ ಬ್ಲಾಕ್ ಮಾಡಿ. ಆಸ್ಪತ್ರೆಗೆ ಬರುವಾಗ ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ. ಕೆಂಪು, ಕಪ್ಪು ಬರೆದ ಆ ಹಾಳೆಗಳನ್ನೂ ತನ್ನಿ. ಅದರ ಪಕ್ಕದಲ್ಲೇ ಎರಡು ಕಾಲಂ ಎಳೆದು, ಹಾಕಿದ್ದು ಎಷ್ಟು, ಅಕೌಂಟಿಗೆ ಬಂದಿದ್ದು ಎಷ್ಟು ಅಂತ ಅವನೇ ಬರೆಯಲಿ. ಲೆಕ್ಕ ಬರೆಯುವುದು ಅವನಿಗೆ ಬರುತ್ತದೆ.